ತೂಗುಕುರ್ಚಿಯ ಹಂಬಲ

ಹಳೆಯ ತೂಗುಕುರ್ಚಿಯ ಮೇಲಿನ ಹಂಬಲ ಬರೀ ಮೋಹವೇ? ಶಿವಮೊಗ್ಗ, ಭದ್ರಾವತಿಯ ಹಳೇ ಮನೆಗಳಲ್ಲಿ ಬೀಟೆಯ, ಸಾಗುವಾನಿಯ ಕುರ್ಚಿ ಕಂಡಾಗ ಮನಸ್ಸು ಬಯಸುವುದು ಅದರಲ್ಲಿ ಕೂತವರಿಗೆ ದಕ್ಕಿದ್ದ ಬಿಡುವನ್ನು ಎಂದು ನನ್ನ ವಾದ. ಅದೇ ಅಳತೆಯಲ್ಲಿ ಹೊಸದಾಗಿ ಮಾಡಿಸಿದ ಕುರ್ಚಿಯೂ ಚೆನ್ನಾಗಿಯೇ ತೂಗುತ್ತದೆ. ಆದರೆ ವರ್ಷಗಟ್ಟಲೆ ಅಂಗೈ ತಾಗಿ ಸವೆದ ಕೈಹಿಡಿಯ ನುಣುಪು ಅದಕ್ಕಿಲ್ಲ. ಆ ನುಣುಪು ಕಳೆದ ಹೊತ್ತಿನ ಗುರುತು. ಹಿಂದೆ ಮುಂದೆ ಆಡಿಯೂ ಇದ್ದಲ್ಲೇ ಉಳಿಯುವ ಈ ವಸ್ತುವಿನಲ್ಲಿ ಶರಣರು ಹೇಳಿದ ನಿಂತ ಸ್ಥಾವರ, ಚಲಿಸುವ ಜಂಗಮ ಎರಡೂ ಕೂಡಿದಂತೆ ನನಗೆ ತೋರುತ್ತದೆ: ಮರ ಸ್ಥಾವರ, ಅದು ಎಬ್ಬಿಸುವ ನೆನಪು ಜಂಗಮ.

ಇದೇ ಶಿವಮೊಗ್ಗ ಜಿಲ್ಲೆಯ ಉಡುತಡಿಯ ಶರಣೆ ಅಕ್ಕಮಹಾದೇವಿ ಎಲ್ಲವನ್ನೂ ತೊರೆದು ನಡೆದಳು, ನಮಗೆ ಕುರ್ಚಿಯ ಹಂಬಲವೇ ಎಂದು ಕೇಳಬಹುದು. ಅಕ್ಕ ಒಡೆತನವನ್ನು ತೊರೆದಳು. ಹಂಬಲವನ್ನು ತನ್ನ ದೈವ ಚೆನ್ನಮಲ್ಲಿಕಾರ್ಜುನನತ್ತ ತಿರುಗಿಸಿದಳು. ಇದಕ್ಕಿಂತ ಚುಚ್ಚುವ ಆಕ್ಷೇಪ ಬೇರೆ ಇದೆ: ಆ ಬಿಡುವು ಎಲ್ಲರದಾಗಿರಲಿಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರುಮಾಡಿದಾಗ ಕುಲುಮೆ ಉರಿದದ್ದು ಮಲೆನಾಡಿನ ಮರದ ಇದ್ದಿಲಿನಿಂದ. ಮರ ಕಡಿದವರಿಗೆ, ಇದ್ದಿಲು ಸುಟ್ಟವರಿಗೆ, ಕುಲುಮೆಯೆದುರು ಬೆಂದವರಿಗೆ ತೂಗುಕುರ್ಚಿ ಎಲ್ಲಿಯದು? ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಇದರಿಂದ ಹಂಬಲ ಸುಳ್ಳಾಗುವುದಿಲ್ಲ, ಅದು ಅರ್ಧವೆಂದು ಗೊತ್ತಾಗುತ್ತದೆ. ಉಳಿದರ್ಧ, ದುಡಿದು ಬಂದವರು ಎಂದೂ ಕೂರದೇ ಹೋದ ಸಂಜೆಗಳದ್ದು.