ಯಾರಂತೆ, ಯಾವುದರಲ್ಲಿ?

ಹಿಜರಿ 5ನೇ ವರ್ಷ, ಅಂದರೆ ಕ್ರಿ.ಶ. 627. ಮಕ್ಕಾದ ಕುರೈಷರು ಮಿತ್ರ ಬುಡಕಟ್ಟುಗಳನ್ನು ಸೇರಿಸಿಕೊಂಡು ಮದೀನಾದ ಮೇಲೆ ದಂಡೆತ್ತಿ ಬರುತ್ತಿದ್ದರು. ಪರ್ಷಿಯಾ ಮೂಲದ ಸಲ್ಮಾನ್ ಫಾರಿಸಿಯವರ ಸಲಹೆಯಂತೆ ಊರಿನ ತೆರೆದ ಮಗ್ಗುಲಿಗೆ ಕಂದಕ ತೋಡುವುದೆಂದಾಯಿತು. ಚಳಿ ಬೇರೆ, ಹೊಟ್ಟೆಗೂ ಸರಿಯಾಗಿ ಇಲ್ಲ. ಪ್ರವಾದಿ ಮುಹಮ್ಮದರು (ಸ) ಎಲ್ಲರ ಜೊತೆ ತಾವೂ ಮಣ್ಣು ಹೊತ್ತರು. ಅವರ ಹೊಟ್ಟೆಯ ಚರ್ಮವೇ ಕಾಣದಷ್ಟು ಧೂಳು ಮೆತ್ತಿತ್ತೆಂದು ಅಲ್ಲಿದ್ದ ಬರಾ ಬಿನ್ ಆಝಿಬ್ ನೆನೆದದ್ದು ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಪ್ರವಾದಿಯವರನ್ನು ವಿಶ್ವಾಸಿಗಳಿಗೆ ಉತ್ತಮ ಮಾದರಿಯೆಂದು ಕುರ್‌ಆನ್ ಕರೆಯುವುದು (33:21) ಈ ಯುದ್ಧದ ವಿವರಗಳ ನಡುವೆಯೇ.

ಮಾದರಿ ಎಂಬುದನ್ನು ಇಸ್ಲಾಮ್ ಹೇಗೆ ಕಾಣುತ್ತದೆ ಎಂಬುದಕ್ಕೆ ಈ ಸಂದರ್ಭವೇ ಸುಳಿವು. ಎತ್ತರದಲ್ಲಿಟ್ಟು ಮೆಚ್ಚುವ ವ್ಯಕ್ತಿ ಬೇರೆ, ಪಕ್ಕದಲ್ಲೇ ನಿಂತು ಅನುಸರಿಸಬಹುದಾದ ನಡತೆ ಬೇರೆ. ಕುರ್‌ಆನಿನ ‘ಉಸ್ವಾ ಹಸನಾ’ ಎರಡನೆಯದು. ತಾಳ್ಮೆಯಿಂದಿರು ಎಂಬ ಆಜ್ಞೆಯನ್ನು ಪುಸ್ತಕವೂ ಕೊಡಬಲ್ಲದು. ಹಸಿದಾಗ, ಸೋತಾಗ, ಸಿಟ್ಟು ನೆತ್ತಿಗೇರಿದಾಗ ತಾಳ್ಮೆ ಹೇಗಿರುತ್ತದೆ ಎಂಬುದನ್ನು ಬದುಕಿ ತೋರಿಸಿದವರಿಂದಲೇ ಕಲಿಯಬೇಕು.

ಮಾರನೆಯ ವರ್ಷ ಹುದೈಬಿಯಾದಲ್ಲಿ ಇದು ಕಣ್ಣಿಗೆ ಕಟ್ಟುವಂತೆ ನಡೆಯಿತು. ಉಮ್ರಾಕ್ಕೆಂದು ಹೊರಟವರನ್ನು ಕುರೈಷರು ಮಕ್ಕಾದ ಹೊರಗೇ ತಡೆದರು. ಆ ವರ್ಷ ಹಿಂದಿರುಗಬೇಕೆಂದು ಒಪ್ಪಂದವಾಯಿತು. ಕುರ್ಬಾನಿ ಕೊಟ್ಟು ತಲೆ ಬೋಳಿಸಿಕೊಳ್ಳಿ ಎಂದು ಪ್ರವಾದಿಯವರು ಮೂರು ಸಲ ಹೇಳಿದರೂ ನಿರಾಶೆಯಲ್ಲಿದ್ದ ಜನ ಕದಲಲಿಲ್ಲ. ಡೇರೆಯಲ್ಲಿದ್ದ ಪತ್ನಿ ಉಮ್ಮು ಸಲಮಾ ಒಂದು ಉಪಾಯ ಹೇಳಿದರು: ಯಾರ ಜೊತೆಗೂ ಮಾತಾಡದೆ ಹೊರಗೆ ಹೋಗಿ, ನಿಮ್ಮ ಕುರ್ಬಾನಿ ನೀವು ಕೊಡಿ, ಕ್ಷೌರಿಕನನ್ನು ಕರೆಸಿ. ಅವರು ಹಾಗೆಯೇ ಮಾಡಿದರು. ಅದನ್ನು ಕಂಡದ್ದೇ ಉಳಿದವರೂ ಎದ್ದು ತಮ್ಮ ಕುರ್ಬಾನಿ ಕೊಟ್ಟು, ಒಬ್ಬರ ತಲೆ ಇನ್ನೊಬ್ಬರು ಬೋಳಿಸತೊಡಗಿದರು. ಪ್ರವಾದಿಯವರಿಗಾಗಿ ಪ್ರಾಣ ಕೊಡಲೂ ಸಿದ್ಧರಿದ್ದ ದೊಡ್ಡವರೇ ಹೀಗಾದರೆ, ಮಗು ಬರೀ ಬುದ್ಧಿಮಾತಿಗೆ ಬದಲಾಗಲಿ ಎಂದು ಬಯಸುವುದು ಯಾವ ನ್ಯಾಯ?

ಇದರ ಕಾರಣವನ್ನು ಮುಸ್ಲಿಮ್ ಚಿಂತಕರು ಕೆದಕಿ ನೋಡಿದ್ದಾರೆ. ಅರಿಸ್ಟಾಟಲನ ವಿಚಾರಗಳನ್ನೂ ಬಳಸಿಕೊಂಡು ‘ತಹ್ಝೀಬುಲ್ ಅಖ್ಲಾಕ್’ ಬರೆದ ಮಿಸ್ಕವೈಹ್ (ನಿಧನ 1030), ಸ್ವಭಾವವನ್ನು ರೂಢಿಯಿಂದ ತಿದ್ದಬಹುದು ಎಂದರು. ‘ಇಹ್ಯಾ ಉಲೂಮುದ್ದೀನ್’ನಲ್ಲಿ ಇಮಾಮ್ ಗಝಾಲಿ (1058–1111) ಈ ವಿಚಾರವನ್ನು ಮನೆಯೊಳಕ್ಕೆ ತಂದರು. ಉದಾರಿಯಾಗಬೇಕೆನ್ನುವವನು ಮೊದಮೊದಲು ಮನಸ್ಸು ಒಪ್ಪದಿದ್ದರೂ ಕೊಡುತ್ತ ಹೋಗಬೇಕು. ಕೊಟ್ಟು ಕೊಟ್ಟು ಅದೇ ಸ್ವಭಾವವಾಗುತ್ತದೆ. ಮಗುವಿನ ಮನಸ್ಸು ಒಲಿಸಿದತ್ತ ಒಲಿಯುತ್ತದೆ, ಹಾಗಾಗಿ ಅದು ತಂದೆತಾಯಿಯ ಕೈಗೆ ಒಪ್ಪಿಸಿದ ಅಮಾನತು ಎಂಬುದು ಅವರ ನಿಲುವು. ಅಂದಮೇಲೆ ಅನುಕರಣೆ ಮೊದಲು, ಗುಣ ಆಮೇಲೆ.

ಹಾಗಾದರೆ ಒಳ್ಳೆಯವರೊಬ್ಬರನ್ನು ತೋರಿಸಿ, ಅವರಂತಾಗು ಎಂದುಬಿಟ್ಟರೆ ಸಾಕೇ? ಸಾಲದು. ಕುರ್‌ಆನಿನ 60ನೇ ಅಧ್ಯಾಯ ಪ್ರವಾದಿ ಇಬ್ರಾಹೀಮರನ್ನೂ ಉತ್ತಮ ಮಾದರಿ ಎನ್ನುತ್ತದೆ. ಆದರೆ ಅದೇ ವಚನ (60:4) ಅವರ ಒಂದು ಮಾತನ್ನು ಹೊರಗಿಡುತ್ತದೆ. ವಿಗ್ರಹಾರಾಧಕನಾಗಿದ್ದ ತಂದೆಗಾಗಿ ಕ್ಷಮೆ ಬೇಡುತ್ತೇನೆಂದು ಅವರು ಕೊಟ್ಟಿದ್ದ ಮಾತು ಅದು. ಪ್ರವಾದಿಯೊಬ್ಬರನ್ನು ಮಾದರಿ ಎನ್ನುವಾಗಲೇ ಇಷ್ಟು ಎಚ್ಚರವಿದ್ದರೆ, ಉಳಿದವರ ವಿಷಯದಲ್ಲಿ ಎಷ್ಟಿರಬೇಕು! ಮಗು ಯಾರಂತಾಗಬೇಕು ಎಂಬುದರ ಜೊತೆಗೇ ಯಾವುದರಲ್ಲಿ ಎಂದೂ ಕೇಳಬೇಕು.

ಮಗನಿಗೆ ಒಬ್ಬ ಬ್ಯಾಟ್ಸ್‌ಮನ್ ಎಂದರೆ ಪ್ರಾಣ ಎನ್ನೋಣ. ಅವನದೇ ಹೇರ್‌ಕಟ್, ಅವನದೇ ನಂಬರಿನ ಜೆರ್ಸಿ. ‘ಅವನೇನು ನಮಗೆ ಆದರ್ಶವೇ?’ ಎಂದು ಗದರಿದರೆ ಮಾತು ಅಲ್ಲಿಗೇ ನಿಂತಿತು. ಗದರುವುದು ಪ್ರವಾದಿಯವರ ರೀತಿಯೂ ಅಲ್ಲ: ಹತ್ತು ವರ್ಷ ಅವರ ಸೇವೆಯಲ್ಲಿದ್ದ ಅನಸ್ ಬಿನ್ ಮಾಲಿಕ್ ಒಮ್ಮೆಯೂ ಅವರಿಂದ ‘ಛೆ’ ಎನ್ನಿಸಿಕೊಂಡವರಲ್ಲ. ಅದರ ಬದಲು, ಆ ಆಟಗಾರನಲ್ಲಿ ನಿನಗೆ ಹಿಡಿಸಿದ್ದೇನು ಎಂದು ಮಗನನ್ನು ಕೇಳಿ ನೋಡಿ. ಸಾಲುಸಾಲು ಸೋಲಿನ ನಂತರವೂ ನೆಟ್ಸ್ ತಪ್ಪಿಸದಿದ್ದದ್ದು ಎಂದರೆ, ಅದನ್ನು ಹಿಡಿದುಕೋ ಎನ್ನಿ. ಔಟ್ ಕೊಟ್ಟ ಅಂಪೈರ್ ಮೇಲೆ ರೇಗಿದ್ದು ಸರಿಯೇ? ದುಡ್ಡು ಕಟ್ಟಿ ಆಡುವ ಆ್ಯಪ್‌ನ ಜಾಹೀರಾತಿನಲ್ಲಿ ನಗುತ್ತ ನಿಂತದ್ದು? ಜೂಜು ನಿಷಿದ್ಧವೆಂದು ಮದ್ರಸಾದಲ್ಲಿ ಕಲಿತ ಹುಡುಗ ಉತ್ತರವನ್ನು ತಾನೇ ಹೇಳುತ್ತಾನೆ. ಮೆಚ್ಚುಗೆ ಉಳಿಯುತ್ತದೆ, ಅದಕ್ಕೆ ಜರಡಿಯೂ ಸಿಗುತ್ತದೆ.

ಮಾದರಿಗಳ ಪಟ್ಟಿಯನ್ನೂ ಹಿಗ್ಗಿಸಬೇಕು. ಹೆಣ್ಣುಮಕ್ಕಳಿಗೆ ಹೆಣ್ಣು, ಗಂಡುಮಕ್ಕಳಿಗೆ ಗಂಡು ಎಂಬ ಲೆಕ್ಕ ಕುರ್‌ಆನಿನದಲ್ಲ. ಫಿರ್‌ಔನನ ಪತ್ನಿ ಮತ್ತು ಮರ್ಯಮರನ್ನು ಅದು ವಿಶ್ವಾಸಿಗಳೆಲ್ಲರಿಗೂ ಉದಾಹರಣೆಯಾಗಿ ಕೊಡುತ್ತದೆ (66:11–12). ದರ್ಪದ ಅರಮನೆಯಲ್ಲಿದ್ದೂ ಅನ್ಯಾಯಕ್ಕೆ ತಲೆಬಾಗದ ಹೆಣ್ಣಿನಿಂದ ಹುಡುಗರೂ ಕಲಿಯಬೇಕು. ಚರಿತ್ರೆಯವರಷ್ಟೇ ಸಾಲದು, ಕೈಗೆಟಕುವವರೂ ಬೇಕು: ಹೆಚ್ಚು ಬಂದ ಚಿಲ್ಲರೆಯನ್ನು ಕರೆದು ಹಿಂದಿರುಗಿಸುವ ಅಂಗಡಿಯವರು, ತಪ್ಪು ಓದಿದ ಹುಡುಗನನ್ನು ಎಲ್ಲರೆದುರು ಹಂಗಿಸದ ಉಸ್ತಾದರು. ಮನುಷ್ಯ ತನ್ನ ಗೆಳೆಯನ ದಾರಿಯಲ್ಲೇ ನಡೆಯುತ್ತಾನೆ, ಯಾರ ಗೆಳೆತನ ಮಾಡುತ್ತೀರೆಂದು ನೋಡಿಕೊಳ್ಳಿ ಎಂಬರ್ಥದ ಹದೀಸ್ ಇದೆ. ಅಂಥವರೊಂದಿಗೆ ಮಗುವಿನ ಒಡನಾಟಕ್ಕೆ ದಾರಿ ಮಾಡಿಕೊಡುವುದು ಹೆತ್ತವರ ಕೆಲಸ.

ಎಲ್ಲರಿಗಿಂತ ಹತ್ತಿರದ ಮಾದರಿ ಮಾತ್ರ ಮನೆಯಲ್ಲೇ ಇದೆ. ಅಬೂದಾವೂದ್ ಸಂಗ್ರಹದ ಒಂದು ಹದೀಸಿನಲ್ಲಿ ತಾಯಿಯೊಬ್ಬರು, ಬಾ, ಏನೋ ಕೊಡುತ್ತೇನೆ ಎಂದು ಮಗನನ್ನು ಕರೆಯುತ್ತಾರೆ. ಏನು ಕೊಡಬೇಕೆಂದಿದ್ದೆ ಎಂದು ಪ್ರವಾದಿಯವರು ವಿಚಾರಿಸುತ್ತಾರೆ. ಖರ್ಜೂರ ಎನ್ನುತ್ತಾರೆ ತಾಯಿ. ಏನೂ ಕೊಡದೆ ಹೋಗಿದ್ದರೆ ಅದು ನಿನ್ನ ಲೆಕ್ಕದಲ್ಲಿ ಸುಳ್ಳೆಂದು ಬರೆಯಲ್ಪಡುತ್ತಿತ್ತು ಎನ್ನುತ್ತಾರೆ ಪ್ರವಾದಿಯವರು. ಚಾಕೊಲೇಟ್ ಕೊಡಿಸುತ್ತೇನೆಂದು ಪುಸಲಾಯಿಸಿ ಮರೆತುಬಿಡುವುದು ನಮಗೆ ಸಣ್ಣದು. ಮಗುವಿಗೆ ಅದು ಸುಳ್ಳಿನ ಮೊದಲ ಪಾಠ.

ಹೀಗೆ ಜರಡಿ ಹಿಡಿಯಲು ಕಲಿತ ಮಗು ಒಂದು ದಿನ ಅದನ್ನು ನಮಗೂ ಹಿಡಿಯುತ್ತದೆ. ಹಿಡಿಯಲಿ. ಹಿರಿಯರು ಮಾಡಿಕೊಂಡು ಬಂದದ್ದೆಂಬ ಒಂದೇ ಕಾರಣಕ್ಕೆ ಹಿಂಬಾಲಿಸುವುದನ್ನು ಕುರ್‌ಆನ್ ಒಪ್ಪುವುದಿಲ್ಲ (2:170). ಏಕದೇವ ವಿಶ್ವಾಸ ಬಿಡುವಂತೆ ತಂದೆತಾಯಿ ಒತ್ತಾಯಿಸಿದರೆ ಕೇಳಬೇಡ, ಆದರೆ ಅವರೊಂದಿಗೆ ಸೌಜನ್ಯದಿಂದಲೇ ಬಾಳು ಎನ್ನುತ್ತದೆ ಲುಕ್ಮಾನ್ ಅಧ್ಯಾಯ (31:15). ‘ಅಬ್ಬಾ, ಮನೇಲೇ ಇದ್ದು ಊರಲ್ಲಿಲ್ಲ ಅಂತ ಫೋನಲ್ಲಿ ಹೇಳಿದ್ರಲ್ಲ?’ ಎಂದು ಮಗಳು ಕೇಳಿದಾಗ ಅವಳ ಬಾಯಿ ಮುಚ್ಚಿಸುವುದು ಸುಲಭ. ತಪ್ಪಾಯಿತು ಎಂದು ಒಪ್ಪಿಕೊಂಡು, ಆ ನಂಬರಿಗೆ ತಿರುಗಿ ಫೋನ್ ಮಾಡುವ ತಂದೆಯಿಂದ ಅವಳು ಕಲಿಯುವುದು ಯಾವ ಉಪದೇಶಕ್ಕಿಂತಲೂ ಹೆಚ್ಚು.