ಇಡುವುದೂ ಉಳಿಸುವುದೂ

ಒಂದು ವಸ್ತುವನ್ನು ಭದ್ರವಾದ ಸ್ಥಳದಲ್ಲಿ ಇಟ್ಟುಬಿಟ್ಟರೆ ಅದನ್ನು ಉಳಿಸಿದಂತಾಯಿತೆಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಇಡುವುದು ಒಂದು ಕ್ಷಣದ ಕೆಲಸ. ಉಳಿಸುವುದಾದರೋ ಬಾಳಿನುದ್ದಕ್ಕೂ ನಡೆಯಬೇಕಾದದ್ದು. ಇವೆರಡನ್ನೂ ಒಂದೆಂದು ಬಗೆಯುವುದರಿಂದ ಆಗುವ ಅನರ್ಥವನ್ನು ಈ ಕಾಲದಲ್ಲಿ ಕಂಪ್ಯೂಟರಿನ ಹಾರ್ಡ್ ಡಿಸ್ಕು ಮನೆಮನೆಗೂ ತೋರಿಸಿಕೊಡುತ್ತಿದೆ.

ದಾವಣಗೆರೆಯ ಮಂಡಿಗಳಲ್ಲಿ ಹಿಂದೆ ಲೆಕ್ಕವೆಲ್ಲ ಕಿರ್ದಿ ಖಾತೆಗಳ ಪುಸ್ತಕದಲ್ಲಿರುತ್ತಿತ್ತು. ಗೆದ್ದಲು ಹತ್ತಿದರೆ ಒಂದು ಮೂಲೆ ಹೋಗುತ್ತಿತ್ತು. ಉಳಿದ ಹಾಳೆಗಳಿಂದ ಲೆಕ್ಕವನ್ನು ಹೇಗೋ ಕೂಡಿಸಬಹುದಾಗಿತ್ತು. ಈಗ ಹತ್ತಾರು ವರ್ಷಗಳ ಲೆಕ್ಕ, ಮಗಳ ಮದುವೆಯ ಚಿತ್ರ, ತೀರಿಹೋದ ತಂದೆಯ ಧ್ವನಿ ಇವೆಲ್ಲವೂ ಅಂಗೈಯಗಲದ ಒಂದು ಪೆಟ್ಟಿಗೆಯಲ್ಲಿ ಅಡಗಿವೆ. 1956ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಮೊದಲ ಡಿಸ್ಕು ಯಂತ್ರವು 24 ಅಂಗುಲ ಅಗಲದ 50 ತಟ್ಟೆಗಳಲ್ಲಿ ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ ಹಿಡಿಯುತ್ತಿತ್ತು. ಇಂದಿನ ಸಾಧಾರಣ ಡಿಸ್ಕು ಅದರ ಲಕ್ಷ ಪಟ್ಟಿಗೂ ಮೀರಿ ಹಿಡಿಯುತ್ತದೆ. ಧಾರಣಶಕ್ತಿ ಹೆಚ್ಚಿದಂತೆ ಒಂದೇ ಏಟಿಗೆ ಹೋಗುವ ಸಂಪತ್ತೂ ಹೆಚ್ಚಿತು.

ರೋಗವನ್ನರಿಯದೆ ಔಷಧ ಕೊಡಬಾರದೆಂಬ ವೈದ್ಯರ ನಿಯಮ ಇಲ್ಲಿಯೂ ಸಲ್ಲುತ್ತದೆ. ಡಿಸ್ಕಿನ ವ್ಯಾಧಿ ಎರಡು ಬಗೆ: ಒಂದು ದೇಹದ್ದು, ಇನ್ನೊಂದು ಸ್ಮೃತಿಯದು. ತಟ್ಟೆಯು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುವಾಗ ಓದಿ ಬರೆಯುವ ಹೆಡ್ಡು ಅದನ್ನು ಮುಟ್ಟದೆ, ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗೂ ಕಡಮೆ ಎತ್ತರದಲ್ಲಿ ತೇಲುತ್ತಿರುತ್ತದೆ. ಕೆಳಗೆ ಬಿದ್ದ ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡಿದರೆ ಆ ಹೆಡ್ಡಿಗೆ ಪೆಟ್ಟಾಗಿರುವ ಸಂಭವ ಹೆಚ್ಚು. ತಿರುಗದೆ ಮೌನವಾಗಿದ್ದರೆ ವಿದ್ಯುತ್ತಿನ ಏರಿಳಿತದಿಂದ ಸರ್ಕ್ಯೂಟು ಸುಟ್ಟಿರಬಹುದು, ಇಲ್ಲವೆ ಮೋಟಾರು ಸಿಕ್ಕಿಕೊಂಡಿರಬಹುದು. ಸರಿಯಾಗಿ ತಿರುಗುತ್ತಿದ್ದೂ ಫೈಲುಗಳು ಕಾಣದಿದ್ದರೆ ಕೆಟ್ಟಿರುವುದು ಬಹುಶಃ ವಿಷಯಸೂಚಿ ಮಾತ್ರ. ಅಳಿಸಿದ ಫೈಲಿನ ಕಥೆಯೂ ಇದೇ: ಹೆಸರು ಸೂಚಿಯಿಂದ ಹೋದರೂ ಒಡಲು ತಟ್ಟೆಯ ಮೇಲೆಯೇ ಇರುತ್ತದೆ, ಅದರ ಮೇಲೆ ಹೊಸದನ್ನು ಬರೆದಾಗಲೇ ನಿಜವಾದ ಮರಣ. ತಟ್ಟೆಯಿಲ್ಲದ ಎಸ್.ಎಸ್.ಡಿ.ಗಳಲ್ಲಿ ಮಾತ್ರ ಅಳಿಸಿದ್ದನ್ನು ಯಂತ್ರವೇ ಬೇಗ ಒರೆಸಿಹಾಕುವುದರಿಂದ ಈ ಅವಕಾಶ ಕಡಮೆ.

ಆದ್ದರಿಂದ ನಷ್ಟವಾದೊಡನೆ ಮೊದಲನೆಯ ಧರ್ಮವು ಸಂಯಮ. ವಿದ್ಯುತ್ತನ್ನು ನಿಲ್ಲಿಸಬೇಕು, ಮತ್ತೆ ಮತ್ತೆ ಹಚ್ಚಿ ನೋಡಬಾರದು, ಧೂಳಿನ ಕೋಣೆಯಲ್ಲಿ ಬಿಚ್ಚಬಾರದು. ಬಲ್ಲವರು ಸಾಧ್ಯವಾದಾಗಲೆಲ್ಲ ಮೊದಲು ಡಿಸ್ಕಿನ ಪೂರ್ಣ ಪ್ರತಿಯನ್ನು ತೆಗೆದು, ಶೋಧನೆಯನ್ನು ಆ ಪ್ರತಿಯ ಮೇಲೆ ನಡೆಸುತ್ತಾರೆ. ಕಳೆದದ್ದನ್ನು ಹುಡುಕುವ ಆತುರವೇ ಉಳಿದದ್ದನ್ನೂ ಅಳಿಸುವುದುಂಟು.

ಇಲ್ಲಿ ದುರಸ್ತಿಗಾರನ ಧರ್ಮವೂ ಪರೀಕ್ಷೆಗೊಳಗಾಗುತ್ತದೆ. ದುಃಖದಲ್ಲಿರುವವನಿಗೆ ಆಸೆಯನ್ನು ಮಾರುವುದು ಸುಲಭ. ಮೇಲೆ ಬರೆದು ಮುಚ್ಚಿಹೋದದ್ದನ್ನೂ ತಟ್ಟೆಯಿಂದ ಕೆರೆದುಹೋದದ್ದನ್ನೂ ಆತನ ವಿದ್ಯೆ ಮರಳಿ ತಾರದು. ಅದನ್ನು ಮೊದಲೇ ಹೇಳುವುದೂ, ಕೈಗೆ ಬಂದ ಮನೆಯ ಗುಟ್ಟನ್ನು ಕಂಡೂ ಕಾಣದಂತಿರುವುದೂ ಅವನ ವಿದ್ಯೆಯ ಅರ್ಧಭಾಗ. ಆದರೆ ಅವನು ಎಷ್ಟೇ ಪ್ರಾಮಾಣಿಕನಾದರೂ, ಕರ್ತವ್ಯವನ್ನೆಲ್ಲ ಅವನ ಮೇಲೆ ಹೊರಿಸಿ ನಾವು ಕೈತೊಳೆದುಕೊಳ್ಳಬಹುದೆ?

ಕಲ್ಲಿನಂತೆ ಬಾಳುವ ಸಾಧನವಿದ್ದರೆ ಈ ಚಿಂತೆಯೇ ಇರುತ್ತಿರಲಿಲ್ಲವೆಂದು ಕೆಲವರು ಹೇಳಬಹುದು. ನೆರೆಯ ಹರಿಹರದಲ್ಲಿ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಶಿಲಾಶಾಸನಗಳಿವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಚಿತ್ರದುರ್ಗ ಸಂಪುಟದಲ್ಲಿ ಈ ಸೀಮೆಯ ಶಾಸನಪಾಠಗಳನ್ನು ಅಚ್ಚು ಹಾಕಿಸಿದರು. ಕಲ್ಲಿಗೂ ಒಂದು ಪ್ರತಿ ಬೇಕಾಯಿತೆಂಬುದನ್ನು ಗಮನಿಸಬೇಕು. ಕಲ್ಲಿನಲ್ಲಿ ಬರೆಸಿದವರೂ ಕಲ್ಲನ್ನು ಮಾತ್ರ ನಂಬಲಿಲ್ಲ: ದಾನ ಮಾಡುವುದಕ್ಕಿಂತ ಅದನ್ನು ಪಾಲಿಸುವುದೇ ಮೇಲೆಂಬ ಭಾವವು ನಮ್ಮ ದಾನಶಾಸನಗಳ ಕೊನೆಯಲ್ಲಿ ಹಲವೆಡೆ ಕಾಣುತ್ತದೆ. ಅವರ ಭರವಸೆ ಮುಂದೆ ಬರುವ ಮನುಷ್ಯರಲ್ಲಿತ್ತು.

ಹಾಗಾದರೆ ನಮ್ಮ ಪಾಲನೆ ಯಾವುದು? ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆಡೆಯಲ್ಲಿ ಎಂಬುದು ಬಲ್ಲವರ ಸೂತ್ರ. ದಾವಣಗೆರೆಯವರ ಒಂದು ಪ್ರತಿ ಹರಿಹರದ ನೆಂಟರ ಮನೆಯಲ್ಲಿರಬಹುದು. ಆದರೆ ಪ್ರತಿಯೂ ಇಟ್ಟಲ್ಲೇ ಕೆಡಬಲ್ಲದು. ವರ್ಷಕ್ಕೊಮ್ಮೆ, ಯುಗಾದಿಯಂದೋ ದೀಪಾವಳಿಯ ಪೂಜೆಯಂದೋ, ಅದನ್ನು ತೆರೆದು ನೋಡಬೇಕು. ಮಕ್ಕಳನ್ನು ಕೂರಿಸಿಕೊಂಡು ಇವರು ಯಾರು, ಇದು ಯಾವ ಊರು ಎಂದು ಹೇಳಬೇಕು. ಯಾರೂ ತೆರೆಯದ ಚಿತ್ರವು ಡಿಸ್ಕು ಕೆಡುವ ಮೊದಲೇ ಕಳೆದುಹೋಗಿರುತ್ತದೆ. ಅದನ್ನು ಮರಳಿ ತರುವ ದುರಸ್ತಿಗಾರನು ಯಾವ ಪೇಟೆಯಲ್ಲಿಯೂ ಇಲ್ಲ.