ಹಾರುವ ಓತಿಯ ಪಾಠ

ಬಂಟ್ವಾಳ, ಬೆಳ್ತಂಗಡಿ ಅಥವಾ ಮೂಡುಬಿದಿರೆಯ ಒಂದು ಹೈಸ್ಕೂಲು ತರಗತಿಯನ್ನು ಕಲ್ಪಿಸಿಕೊಳ್ಳಿ. ಒಂದೇ ಬೆಂಚಿನಲ್ಲಿ ನಾಲ್ಕು ಮಕ್ಕಳು. ಒಬ್ಬನ ಅಜ್ಜಿ ಹೇಳಿದಂತೆ, ಈ ನೆಲ ಪರಶುರಾಮ ಕೊಡಲಿ ಬೀಸಿ ಕಡಲಿನಿಂದ ಪಡೆದದ್ದು. ಪಕ್ಕದವಳು ದೇವರು ಆರು ದಿನಗಳಲ್ಲಿ ಲೋಕವನ್ನು ಸೃಷ್ಟಿಸಿದ್ದನ್ನು ಇಗರ್ಜಿಯಲ್ಲಿ ಕೇಳಿದ್ದಾಳೆ. ಮೂರನೆಯವನು ಮಣ್ಣಿನಿಂದ ಆದಮರನ್ನು ಸೃಷ್ಟಿಸಿದ ಕತೆಯನ್ನು ಮದರಸದಲ್ಲಿ ಕಲಿತಿದ್ದಾನೆ. ನಾಲ್ಕನೆಯವಳು ಜೈನರ ಮನೆಯ ಹುಡುಗಿ. ಅವಳ ಪಾಲಿಗೆ ಲೋಕ ಅನಾದಿ; ಅದನ್ನು ಮಾಡಿದವರು ಯಾರೂ ಇಲ್ಲ.

‘ಸೃಷ್ಟಿವಾದ, ವಿಕಾಸವಾದ ಎರಡನ್ನೂ ಕಲಿಸಿ, ಮಕ್ಕಳೇ ಆರಿಸಿಕೊಳ್ಳಲಿ’ ಎಂಬ ಮಾತು ಕೇಳಲು ನ್ಯಾಯವಾಗಿಯೇ ಇದೆ. ಆದರೆ ನಮ್ಮೂರಲ್ಲಿ ನಿಂತು ಅದನ್ನು ಕೇಳಿದಾಗ ನನಗೆ ಮೊದಲು ಹುಟ್ಟುವ ಪ್ರಶ್ನೆ: ಯಾರ ಸೃಷ್ಟಿ? ವಿಕಾಸವನ್ನು ಕಲಿಸಿದರೆ ‘ಸೃಷ್ಟಿ ವಿಜ್ಞಾನ’ವನ್ನೂ ಕಲಿಸಬೇಕೆಂಬ ಕಾನೂನು ಅಮೆರಿಕದ ಲೂಸಿಯಾನಾದಲ್ಲಿತ್ತು. 1987ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಅಲ್ಲಿ ‘ಎರಡು’ ಎಂದರೆ ಎರಡೇ ಎಂದು ನಟಿಸಬಹುದಿತ್ತು. 1430ರ ಸಾವಿರ ಕಂಬದ ಬಸದಿಯಿರುವ ಮೂಡುಬಿದಿರೆಯಲ್ಲಿ ಆ ನಟನೆಯೂ ಸಾಧ್ಯವಿಲ್ಲ. ದೇವರು ಲೋಕವನ್ನು ಮಾಡಿದನೆಂದರೆ, ಅದಕ್ಕೆ ಮೊದಲು ಅವನು ಎಲ್ಲಿದ್ದ, ಸಾಮಗ್ರಿಯನ್ನು ಎಲ್ಲಿಂದ ತಂದ ಎಂದು ಜಿನಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲೇ ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ವಾದ ಹೂಡಿದ್ದರು.

ಈ ಜಗಳವೇ ಬೇಡ ಎಂದು ಪಾಠವನ್ನೇ ಬಿಟ್ಟುಬಿಡುವುದು ಇನ್ನೊಂದು ದಾರಿ. ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ತೆಗೆದದ್ದು ಪಠ್ಯದ ಹೊರೆ ತಗ್ಗಿಸುವ ಹೆಸರಿನಲ್ಲಿ. ‘ಅನುವಂಶೀಯತೆ ಮತ್ತು ವಿಕಾಸ’ ಎಂದಿದ್ದ ಅಧ್ಯಾಯದಲ್ಲಿ ಅನುವಂಶೀಯತೆಯಷ್ಟೇ ಉಳಿಯಿತು. 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಇದನ್ನು ವಿರೋಧಿಸಿ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಆ ಪಾಠ ಇದೆಯಲ್ಲ ಎನ್ನಬಹುದು. ಆದರೆ ಆ ಪುಸ್ತಕವನ್ನು ಓದುವ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿಯ ಸಹಪಾಠಿಗಳು ಹತ್ತನೆಯ ತರಗತಿಯ ನಂತರ ವಾಣಿಜ್ಯಕ್ಕೋ, ಐಟಿಐಗೋ, ಕೆಲಸಕ್ಕೋ ಹೋಗಿರುತ್ತಾರೆ. ಅವರಿಗೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ.

ಅವರು ಕಳೆದುಕೊಳ್ಳುವುದೇನು ಎಂದು ನೋಡಲು ಮುಸ್ಸಂಜೆಯ ಅಡಿಕೆ ತೋಟ ಸಾಕು. ತೇಜಸ್ವಿಯವರ ‘ಕರ್ವಾಲೊ’ದಿಂದ ಕನ್ನಡಿಗರೆಲ್ಲರ ಪರಿಚಯಕ್ಕೆ ಬಂದ ಹಾರುವ ಓತಿ ನಮ್ಮ ತೋಟಗಳಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ತೇಲುತ್ತದೆ. ಅದರ ರೆಕ್ಕೆ ಎಂದರೆ ಉದ್ದವಾದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮ. ಬಾವಲಿಯ ರೆಕ್ಕೆ ಬೆರಳುಗಳ ನಡುವಿನ ಚರ್ಮ. ಹಕ್ಕಿಯದು ಮುಂಗೈಯ ಮೇಲಿನ ಗರಿ. ಗಾಳಿ ಒಂದೇ, ಉಪಾಯ ಮೂರು. ಹಾಗೇಕೆ? ಪ್ರತಿ ಜೀವಿಯೂ ತನ್ನ ಪೂರ್ವಜರಿಂದ ಬಂದ ಒಡಲನ್ನೇ ತಲೆಮಾರಿನಿಂದ ತಲೆಮಾರಿಗೆ ಒಂದಿಷ್ಟಿಷ್ಟೇ ಬದಲಿಸಿಕೊಂಡು ಬಂದಿದೆ. ಬಾವಲಿಯ ರೆಕ್ಕೆಯೊಳಗೆ ನಮ್ಮ ಕೈಯಲ್ಲಿರುವಂಥದೇ ಎಲುಬುಗಳಿರುವುದೂ ಇದೇ ಕಾರಣಕ್ಕೆ. ಮಂಗ ಮನುಷ್ಯನಾದದ್ದನ್ನು ಯಾರೂ ನೋಡಿಲ್ಲ ಎಂದು 2018ರಲ್ಲಿ ಕೇಂದ್ರದ ರಾಜ್ಯ ಸಚಿವರೊಬ್ಬರು ಹೇಳಿದ್ದರು. ವಿಕಾಸವಾದ ಹೇಳುವುದು ಅದನ್ನಲ್ಲ. ಇಂದಿನ ಮಂಗಕ್ಕೂ ನಮಗೂ ಬಹು ಹಿಂದೆ ಒಂದೇ ಪೂರ್ವಜ ಇತ್ತು ಎನ್ನುತ್ತದೆ.

ಮೂರನೆಯ ದಾರಿ ನನಗೆ ಹೆಚ್ಚು ಕಳವಳ ತರುತ್ತದೆ, ಏಕೆಂದರೆ ಅದು ಪ್ರೀತಿಯ ವೇಷದಲ್ಲಿ ಬರುತ್ತದೆ. ದಶಾವತಾರವೇ ವಿಕಾಸವಾದ, ಡಾರ್ವಿನ್ನನಿಗೂ ಮೊದಲೇ ನಮ್ಮವರು ಹೇಳಿದ್ದರು ಎಂಬ ಮಾತು. 2019ರಲ್ಲಿ ಜಲಂಧರ್‌ನ ಭಾರತೀಯ ವಿಜ್ಞಾನ ಕಾಂಗ್ರೆಸ್‌ನಲ್ಲೇ ಇಂಥ ಮಾತು ಕೇಳಿಬಂತು. ಆದರೆ ಅವತಾರ ಎಂದರೆ ಇಳಿದು ಬರುವುದು, ಧರ್ಮ ಕುಸಿದಾಗ ಬರುವುದು. ವಿಕಾಸಕ್ಕೆ ಅಂಥ ಗುರಿಯೇ ಇಲ್ಲ. ನೆಲದ ಮೇಲಿದ್ದ ತಿಮಿಂಗಿಲದ ಪೂರ್ವಜರು ಮರಳಿ ನೀರಿಗಿಳಿದರು. ಇಡೀ ರಾತ್ರಿ ಯಕ್ಷಗಾನ ನೋಡುವವರು ವರಾಹನಲ್ಲಿ ಸಸ್ತನಿಯ ಲಕ್ಷಣ ಹುಡುಕುವುದಿಲ್ಲ. ಪುರಾಣಕ್ಕೆ ಪ್ರಯೋಗಾಲಯದ ಸರ್ಟಿಫಿಕೇಟು ಅಂಟಿಸಿದರೆ ವಿಜ್ಞಾನವೂ ಕೆಡುತ್ತದೆ, ಕತೆಯೂ ಸಣ್ಣದಾಗುತ್ತದೆ.

ರಾತ್ರಿ ಪಂಜುರ್ಲಿಯ ಕೋಲದಲ್ಲಿ ಕೈಮುಗಿದು ನಿಂತ ಕೃಷಿಕ ಬೆಳಗ್ಗೆ ಕಾಡುಹಂದಿ ನುಗ್ಗದಂತೆ ಗದ್ದೆಯ ಬೇಲಿ ಸರಿಮಾಡುತ್ತಾನೆ. ಅವನ ಭಕ್ತಿ ಸುಳ್ಳಲ್ಲ, ಬೇಲಿಯೂ ಅಪಚಾರವಲ್ಲ. ಯಾವ ಪ್ರಶ್ನೆಯನ್ನು ಎಲ್ಲಿ ಕೇಳಬೇಕೆಂಬ ವಿವೇಕ ಈ ಮಣ್ಣಿಗೆ ಹೊಸದಲ್ಲ. ಹಾಗೆಂದು ಘರ್ಷಣೆಯೇ ಇಲ್ಲ ಎನ್ನಲಾರೆ. ಕೊಡಲಿಯ ಕತೆಯನ್ನೋ ಆರು ದಿನಗಳನ್ನೋ ಮಣ್ಣಿನ ಮನುಷ್ಯನನ್ನೋ ಅಕ್ಷರಶಃ ನಂಬುವ ಮನೆಗೂ ಈ ಪಾಠಕ್ಕೂ ಹೊಂದಾಣಿಕೆ ಕಷ್ಟ. ಜೈನರ ಅನಾದಿ ಲೋಕವೂ ಡಾರ್ವಿನ್ನನ ಪರವಾದ ಸಾಕ್ಷಿಯಲ್ಲ. ಮಗು ಒಂದು ದಿನ ಈ ಬಿರುಕನ್ನು ಕಂಡೇ ಕಾಣುತ್ತದೆ. ಅದನ್ನು ಮುಚ್ಚಿಡುವುದು ಮಗುವಿನ ಬುದ್ಧಿಗೆ ಮಾಡುವ ಅವಮಾನ. ಅಜ್ಜಿಯ ಕತೆಯನ್ನು ತರಗತಿಯೆದುರು ಗೇಲಿ ಮಾಡುವುದು ಅದರ ಮನಸ್ಸಿಗೆ ಮಾಡುವ ಅವಮಾನ.

ಆದ್ದರಿಂದ ವಿಜ್ಞಾನದ ಮೇಷ್ಟ್ರು ಮಗುವಿನಿಂದ ನಂಬಿಕೆಯನ್ನು ಕೇಳಬೇಕಾಗಿಲ್ಲ, ತಿಳಿವಳಿಕೆಯನ್ನು ಕೇಳಿದರೆ ಸಾಕು. ‘ಈ ಪೀರಿಯಡ್ಡಿನಲ್ಲಿ ನಾವು ಆಡುವ ಮಾತಿಗೆ ಸಾಕ್ಷಿ ಬೇಕು, ಸಾಕ್ಷಿ ಬದಲಾದರೆ ಮಾತೂ ಬದಲಾಗಬೇಕು’ ಎಂದು ಮೊದಲೇ ಹೇಳಿ ಪಾಠ ಶುರುಮಾಡಬಹುದು. ಪ್ರಶ್ನೆಪತ್ರಿಕೆ ‘ನೀನು ಯಾರನ್ನು ನಂಬುತ್ತೀಯ?’ ಎಂದು ಕೇಳದಿರಲಿ. ‘ಬಾವಲಿಯ ರೆಕ್ಕೆಯಲ್ಲಿ ಬೆರಳುಗಳೇಕಿವೆ?’ ಎಂದು ಕೇಳಲಿ. ಆ ಬೆಂಚಿನ ನಾಲ್ವರೂ ಅದಕ್ಕೆ ಒಂದೇ ಉತ್ತರ ಬರೆದು, ಸಂಜೆ ತಂತಮ್ಮ ಮನೆಗೆ ಹೋಗಬಲ್ಲರು.